ಒಂದು ರೂಪಾಯಿ ಜಾಸ್ತಿಯಾದ ಕುರ್ತಾ

ನಮ್ಮ ಅತ್ತಿಗೆ ಬನಶಂಕರಿಯಲ್ಲಿ ಬೊಟೀಕ್ ಇಟ್ಟು ನಾಲ್ಕು ವರ್ಷವಾಯಿತು. ಮೊನ್ನೆ ಭಾನುವಾರ ಹೋದಾಗ ಕ್ಯಾಲ್ಕುಲೇಟರ್ ಹಿಡಿದು ಒಂದೇ ಲೆಕ್ಕವನ್ನು ಮೂರನೇ ಸಲ ಮಾಡುತ್ತಿದ್ದರು. ಲೆಕ್ಕ ತಪ್ಪಿರಲಿಲ್ಲ. ಸರಿಯಾಗಿತ್ತು, ಅದೇ ತೊಂದರೆ.

ಕುರ್ತಾದ ಬೆಲೆ 2,500 ಅಂತಿಟ್ಟುಕೊಳ್ಳಿ. ಜಿಎಸ್‌ಟಿ 5%. ಗಿರಾಕಿ ಕೊಡೋದು 2,625. ಈಗ ಅದೇ ಕುರ್ತಾಕ್ಕೆ ಒಂದೇ ಒಂದು ರೂಪಾಯಿ ಜಾಸ್ತಿ ಹಾಕಿ. 2,501 ಆಯಿತಲ್ವಾ, ತೆರಿಗೆ 18%ಕ್ಕೆ ಹಾರಿತು, ಗಿರಾಕಿ ಕೊಡೋದು 2,951 ರೂಪಾಯಿ 18 ಪೈಸೆ. ಒಂದು ರೂಪಾಯಿ ಆಸೆಪಟ್ಟಿದ್ದಕ್ಕೆ 326 ರೂಪಾಯಿ. ಮೀಟರ್ ಬಡ್ಡಿಯವರೂ ಇಷ್ಟು ಕೇಳಲ್ಲ.

2025ರ ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನವೇ, ಹೊಸ ಜಿಎಸ್‌ಟಿ ದರಗಳ ಜೊತೆ ಸರ್ಕಾರದ 'ಉಳಿತಾಯದ ಉತ್ಸವ' ಶುರುವಾಗಿದ್ದು ನಿಮಗೆ ಗೊತ್ತೇ ಇದೆ. ಸುಮ್ನೆ ಬೈಯಬಾರದು. ಮೊದಲು ಸಾವಿರ ದಾಟಿದ ಬಟ್ಟೆಗೆಲ್ಲ 12% ಇತ್ತು, ಈಗ 2,500ರ ತನಕ 5%. ಅಷ್ಟರ ಮಟ್ಟಿಗೆ ಲಾಭವೇ. ಆದರೆ 2,500 ದಾಟಿತೋ, ನೀವು ಸಾಮಾನ್ಯ ಮನುಷ್ಯರಲ್ಲ, ಮಹಾರಾಜರು. 12% ಇದ್ದದ್ದು 18% ಆಯಿತು. ಈ ಗೆರೆಯನ್ನು ಹಾಕಿದವರು ಎಷ್ಟು ಯೋಚಿಸಿರಬೇಕು! 2,500ರ ತನಕ ಮಾನ ಮುಚ್ಚಿಕೊಳ್ಳೋದು, ಅದರ ಮೇಲಿನ ಒಂದು ರೂಪಾಯಿಯಿಂದ ಶೋಕಿ.

ಅತ್ತಿಗೆಯ ಅಂಗಡಿಯ ಕಟಿಂಗ್ ಮಾಸ್ಟ್ರು ಎಲ್ಲಕ್ಕೂ ದಾರಿ ಹುಡುಕುವವರು. "ಪೀಸಿಗೆ ತಾನೇ ಮೇಡಂ ತೆರಿಗೆ? ತೋಳು ಬೇರೆ ಪೀಸ್ ಅಂತ ಬಿಲ್ ಹಾಕೋಣ" ಅಂದರು. ಎಡತೋಳು 400, ಬಲತೋಳು 400, ಮಿಕ್ಕಿದ್ದು ಮಿಕ್ಕ ದುಡ್ಡಿಗೆ. ಲೆಹೆಂಗಾದ ಕೆಲಸವಂತೂ ಇನ್ನೂ ಸುಲಭ, ಒಂದೊಂದು ಕಲ್ಲಿಗೂ ಒಂದೊಂದು ಬಿಲ್. ಮದುಮಗಳು ಮಂಟಪಕ್ಕೆ ಕಂತಿನಲ್ಲಿ ಬರಬೇಕು, ಅಷ್ಟೇ.

ಬೊಟೀಕ್ ಅನ್ನೋ ಪದಕ್ಕೆ ಬರೋಣ. ನನಗೆ ಇದರ ಮೇಲೆ ಹಳೇ ಪ್ರೀತಿ. ಫ್ರೆಂಚರಿಗೆ ಬೊಟೀಕ್ ಅಂದರೆ ಅಂಗಡಿ. ಇನ್ನೇನೂ ಇಲ್ಲ, ಬರೀ ಅಂಗಡಿ. ನಮ್ಮಲ್ಲಿ ಹಾಗಲ್ಲ. 'ಲೇಡೀಸ್ ಟೈಲರ್' ಅಂತ ಬೋರ್ಡಿದ್ದರೆ ಬ್ಲೌಸ್ ಹೊಲಿಗೆ 300, 'ಬೊಟೀಕ್' ಅಂತ ಬೋರ್ಡಿದ್ದರೆ 1,200. ಅದೇ ಮಾಸ್ಟ್ರು, ಅದೇ ಕತ್ತರಿ, ಹೇಳಿದ ದಿನಕ್ಕೆ ಕೊಡದ ಅದೇ ಅಭ್ಯಾಸ. ಜಾಸ್ತಿ ಅಂದರೆ ಒಂದು ಎಸಿ, ಒಂದು ಉದ್ದದ ಕನ್ನಡಿ, ಮೂಲೆಯಲ್ಲೊಂದು ಪ್ಲಾಸ್ಟಿಕ್ ಗಿಡ. ಬೋರ್ಡಿನಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಗಡುವು ಕೊಟ್ಟರಲ್ಲ, ಆಗ ಊರಿನ ಪೇಂಟರ್‌ಗಳಿಗೆಲ್ಲ ಈ ಪದ ಬಂದು ಗಂಟಲಲ್ಲಿ ಕೂತಿತು. ಜಯನಗರದಲ್ಲಿ ಒಂದು ಸುತ್ತು ಹಾಕಿ: ಬೊಟಿಕ್, ಬೋಟಿಕ್, ಬುಟೀಕ್, ಬೌಟಿಕ್. ಒಂದು ಕಡೆ ದೊಡ್ಡದಾಗಿ 'ಬೌಟಿಕ್ಯೂ' ಅಂತ ಬರೆಸಿದ್ದರು. ಒಳಗೆ ಹೋಗಿ ನೋಡಿದೆ, ಕ್ಯೂ ಏನೂ ಇರಲಿಲ್ಲ. ಕನ್ನಡ ಬೋರ್ಡು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಹೊಲಿದು ಕೊಟ್ಟರೆ ಕಾನೂನಿಗೆ ಸಮಾಧಾನ, ಕನ್ನಡಕ್ಕೆ ಏನೂ ಇಲ್ಲ. 'ಬಟ್ಟೆ ಅಂಗಡಿ' ಅಂತ ಬರೆಸಿ ಅಂದೆ ಅತ್ತಿಗೆಗೆ. "ಬಾಡಿಗೆ ನೀನು ಕಟ್ತೀಯಾ?" ಅಂದರು.

ಬಾಡಿಗೆ 45,000. ಅಡ್ವಾನ್ಸು ಹತ್ತು ತಿಂಗಳದ್ದು. ಒಂದು ರವಿಕೆ ಮಾರುವ ಮೊದಲೇ ನಾಲ್ಕೂವರೆ ಲಕ್ಷ ಇನ್ನೊಬ್ಬರ ಬ್ಯಾಂಕಿನಲ್ಲಿ ಹೋಗಿ ಮಲಗಿತು. ಖಾಲಿ ಮಾಡುವ ದಿನ ಅದರಲ್ಲೂ ಒಂದು ತಿಂಗಳದ್ದು ಪೇಂಟಿಂಗಿಗೆ ಅಂತ ಮುರಿದುಕೊಳ್ಳುತ್ತಾರೆ. ನಾಲ್ಕು ವರ್ಷ ಅಂಗಡಿ ನಡೆಸಿದವರಿಗಿಂತ ಅಂಗಡಿಯ ಗೋಡೆ ಜಾಸ್ತಿ ದುಡಿದಿದೆ. ರಸ್ತೆ ಅಗೆದ ಕಥೆ ಬೇಡ ಬಿಡಿ. ಗಾಂಧಿ ಬಜಾರಿನವರನ್ನು ಕೇಳಿ, ಹಬ್ಬದ ವ್ಯಾಪಾರ ಅಂದರೆ ಏನು, ಹೊಂಡ ದಾಟಿ ಬರುವ ಗಿರಾಕಿ ಅಂದರೆ ಯಾರು ಅಂತ ಅವರು ಹೇಳುತ್ತಾರೆ.

ಮೊಬೈಲ್ ತೆರೆದರೆ ಮಾತ್ರ ಎಲ್ಲರೂ ಲಾಭದಲ್ಲಿದ್ದಾರೆ. 'ಮನೆಯಲ್ಲೇ ಬೊಟೀಕ್ ಶುರು ಮಾಡಿ, ತಿಂಗಳಿಗೆ ಒಂದು ಲಕ್ಷ ಗಳಿಸಿ' ಅಂತ ಒಬ್ಬಾಕೆ ರೀಲ್ಸಿನಲ್ಲಿ ನಗುತ್ತಾ ಹೇಳುತ್ತಾರೆ. ಹಿಂದೆ ಹ್ಯಾಂಗರಿನಲ್ಲಿ ಏಳು ಡ್ರೆಸ್. ನಾನು ಮೂರು ತಿಂಗಳಿಂದ ನೋಡುತ್ತಿದ್ದೇನೆ, ಅದೇ ಏಳು. ಮಾರಾಟವಾಗುತ್ತಿರುವುದು ಕೋರ್ಸು.

ಅತ್ತಿಗೆ ಜಿಎಸ್‌ಟಿ ನಂಬರ್ ತಗೊಂಡಿದ್ದರ ಹಿಂದೆಯೂ ಒಂದು ಚಂದದ ಲೆಕ್ಕವಿದೆ. ಬರೀ ಬಟ್ಟೆ ಮಾರಿದರೆ ವರ್ಷಕ್ಕೆ 40 ಲಕ್ಷದ ವಹಿವಾಟಿನ ತನಕ ನೋಂದಣಿ ಬೇಕಿಲ್ಲ. ಅದರ ಜೊತೆ ಹೊಲಿಗೆ ಚಾರ್ಜು ಅಂತಲೂ ಬಿಲ್ ಹಾಕಿದಿರೋ, ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯಿತು. ಅಂದರೆ ಕೆಲಸ ಗೊತ್ತಿಲ್ಲದವರಿಗೆ 40, ಗೊತ್ತಿದ್ದವರಿಗೆ 20. 2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆಲ್ಲ ನೋಟಿಸ್ ಬಂದಿದ್ದು, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂದಿದ್ದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಒಂದು ವಾರ ಬೆಂಗಳೂರಿನ ಬೇಕರಿಗಳೆಲ್ಲ ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ' ಚೀಟಿ ಅಂಟಿಸಿದವು. ಆ ವಾರ ಅತ್ತಿಗೆ ಒಬ್ಬರೇ ನೆಮ್ಮದಿಯಾಗಿದ್ದರು. ಕಟ್ಟೋದನ್ನೆಲ್ಲ ಮೊದಲೇ ಕಟ್ಟಿ ಕೂತಿದ್ದರು. ಕಳಕೊಳ್ಳೋಕೆ ಏನೂ ಉಳಿದಿರಲಿಲ್ಲ.

ಭಾನುವಾರದ ಆ ಲೆಕ್ಕ ಯಾವ ಕುರ್ತಾದ್ದು ಅಂತ ಹೇಳಲಿಲ್ಲ ನಾನು. ಕಸೂತಿಯದ್ದು. ಧಾರವಾಡದ ಕಡೆಯ ಹೆಂಗಸೊಬ್ಬರು ಮನೆಯಲ್ಲಿ ಕೂತು ಹಾಕಿಕೊಟ್ಟದ್ದು. ಕತ್ತಿನ ಸುತ್ತ ಗೋಪುರ, ತೋಳಿಗೆ ಸಣ್ಣ ಸಣ್ಣ ತೇರು. ಕಸೂತಿಗೆ ಪೆನ್ಸಿಲ್ ಗುರುತು ಹಾಕಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ದಾರಕ್ಕೆ ಗಂಟು ಹಾಕೋ ಹಾಗಿಲ್ಲ. ಕಸೂತಿಯಲ್ಲಿ ಗವಂತಿ ಅನ್ನೋ ಹೊಲಿಗೆಯಂತೂ ತಿರುಗಿಸಿ ನೋಡಿದರೂ ಮುಂದಿನಂತೆಯೇ ಇರುತ್ತದೆ. ಐದು ದಿನದ ಕೆಲಸ, ಆಕೆಗೆ 1,200 ರೂಪಾಯಿ. ಅದೂ ಕಮ್ಮಿಯೇ, ಅತ್ತಿಗೆಗೂ ಗೊತ್ತು. ಬಟ್ಟೆ, ದಾರ, ಹೊಲಿಗೆ, ಬಾಡಿಗೆ ಎಲ್ಲ ಸೇರಿ ಬೆಲೆ 3,200 ಇಟ್ಟರು. ಅದರ ಮೇಲೆ ತೆರಿಗೆ 576. ಮೊದಲು 384 ಇತ್ತು.

ಇಲ್ಲಿ ನನಗೆ ತಮಾಷೆ ಸಾಕಾಗುತ್ತದೆ. ಫ್ಯಾಕ್ಟರಿಯಲ್ಲಿ ನಿಮಿಷಕ್ಕೆ ಎಷ್ಟೋ ಉದುರುವ 799 ರೂಪಾಯಿಯ ಪಾಲಿಸ್ಟರ್ ಕುರ್ತಾ ಬಡವರ ಬಟ್ಟೆ, ಅದಕ್ಕೆ 5%. ಒಬ್ಬಳು ಹೆಂಗಸು ಐದು ದಿನ ಕಣ್ಣು ನೋಯಿಸಿಕೊಂಡು ಎಳೆ ಎಣಿಸಿದ್ದು ಐಷಾರಾಮಿ, ಅದಕ್ಕೆ 18%. ಯಾರ ಐಷಾರಾಮಿ ಇದು, ಸರ್ಕಾರದವರೇ? ಆಕೆಯ ಐದು ದಿನದ ಕೂಲಿಯ ಹತ್ತಿರ ಹತ್ತಿರ ಅರ್ಧದಷ್ಟನ್ನು ಆಕೆ ಕೈ ಹಾಕಿದ ಬಟ್ಟೆಯ ಮೇಲೆಯೇ ವಸೂಲಿ ಮಾಡುತ್ತೀರಿ. ಆಮೇಲೆ ಅದೇ ಕಸೂತಿಗೆ ಈ ನೆಲದ್ದೇ ಅಂತ ಗುರುತಿಸುವ ಜಿಐ ಟ್ಯಾಗ್ ಇದೆ, ನಮ್ಮ ಪರಂಪರೆ, ನಮ್ಮ ಹೆಮ್ಮೆ ಅಂತ ಮೇಳದಲ್ಲಿ ಭಾಷಣ ಮಾಡುತ್ತೀರಿ. ಕುರ್ತಾದ ಬೆಲೆ ಏರುವುದು ಅದರಲ್ಲಿ ಕೈ ಕೆಲಸ ಇದ್ದಾಗ. ಕೈ ಕೆಲಸ ಇದ್ದರೆ ದಂಡ. ಇಷ್ಟು ಸರಳ ವಿಷಯ ಲೆಕ್ಕ ಹಾಕಿದವರಿಗೆ ಹೊಳೆಯಲಿಲ್ಲ ಅಂತ ನಾನು ನಂಬಲ್ಲ. ಹೊಳೆದಿದೆ, ಬಿಟ್ಟಿದ್ದಾರೆ.

ಅಷ್ಟರಲ್ಲಿ ಒಬ್ಬರು ಗಿರಾಕಿ ಬಂದರು. ಆ ದಿನದ ಬೋಣಿ ಇನ್ನೂ ಆಗಿರಲಿಲ್ಲ. ನೇರವಾಗಿ ಆ ಕಸೂತಿ ಕುರ್ತಾದ ಹತ್ತಿರವೇ ಹೋದರು, ಮುಟ್ಟಿ ನೋಡಿದರು, ಚೀಟಿ ನೋಡಿದರು. ಆಮೇಲೆ ಬುದ್ಧಿವಂತಿಕೆಯಿಂದ ಒಳಗಡೆ ತಿರುಗಿಸಿ ಗಂಟು ಹುಡುಕಿದರು. ಒಂದೂ ಸಿಗಲಿಲ್ಲ.

"ಹಿಂದೆ ಮುಂದೆ ಒಂದೇ ಥರ ಇದೆ. ಮಷೀನ್ ವರ್ಕ್ ಅಲ್ವಾ ಇದು?" ಅಂದರು. "ಕೈಯಲ್ಲಿ ಇಷ್ಟು ನೀಟಾಗಿ ಬರಲ್ಲ. ಸಾವಿರದ ಎಂಟುನೂರಕ್ಕೆ ಕೊಡಿ, ಯುಪಿಐ ಮಾಡ್ತೀನಿ."

ಅತ್ತಿಗೆ ನನ್ನ ಮುಖ ನೋಡಿದರು. ನಾನು ಪ್ಲಾಸ್ಟಿಕ್ ಗಿಡ ನೋಡಿದೆ.