ಹಣದುಬ್ಬರ ಇಳಿದರೆ ಹಳೇ ರೇಟು ಬರುವುದಿಲ್ಲ

ಹುಬ್ಬಳ್ಳಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಹಣದುಬ್ಬರ ಇಳಿದರೂ ದುರ್ಗದಬೈಲಿನ ಕಿರಾಣಿ ಅಂಗಡಿಯವರು ಹಳೇ ರೇಟಿಗೆ ಕೊಡುತ್ತಿಲ್ಲ, ಲೂಟಿ ಮಾಡುತ್ತಿದ್ದಾರೆ ಅಂತ. ಇದು ತಪ್ಪು. ಹಣದುಬ್ಬರ ಅಂದರೆ ಬೆಲೆ ಏರುವ ವೇಗ.

ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ಸಾಮಾನು ಒಂದು ವರ್ಷ ಶೇ 8ರಷ್ಟು ಏರಿದರೆ 108 ಆಯಿತು. ಮರುವರ್ಷ ಹಣದುಬ್ಬರ ಶೇ 3ಕ್ಕೆ ಇಳಿಯಿತು ಅಂದುಕೊಳ್ಳಿ, ಆಗಲೂ ಅದೇ ಸಾಮಾನು 111 ರೂಪಾಯಿ ದಾಟುತ್ತದೆಯೇ ಹೊರತು 100ಕ್ಕೆ ವಾಪಸ್ ಬರುವುದಿಲ್ಲ. ಬೆಲೆ ಇಳಿಯಬೇಕಾದರೆ ಹಣದುಬ್ಬರ ಸೊನ್ನೆಗಿಂತ ಕೆಳಗೆ ಹೋಗಬೇಕು. ಆದರೆ ಹಣದುಬ್ಬರಕ್ಕೆ ರಿಸರ್ವ್ ಬ್ಯಾಂಕಿನ ಗುರಿಯೇ ಶೇ 4, ಸೊನ್ನೆಯಲ್ಲ!

ಹಣದುಬ್ಬರದ ಲೆಕ್ಕವೂ ಎಲ್ಲ ಸಾಮಾನುಗಳ ಸರಾಸರಿ. ಉಳ್ಳಾಗಡ್ಡಿ ಅಗ್ಗವಾದ ತಿಂಗಳೇ ಎಣ್ಣೆ ತುಟ್ಟಿಯಾಗಬಹುದು. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ, ಹಾಗಾಗಿಯೇ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ನಮ್ಮಲ್ಲೂ ತುಟ್ಟಿಯಾಯಿತು. ಅದರಲ್ಲಿ ಅಂಗಡಿಯವರ ಕೈ ಏನಿದೆ? ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿತ್ತು. ಆಮೇಲೆ ಹಣದುಬ್ಬರ ಇಳಿಯಿತು, ಅಲ್ಲೂ ಹಳೇ ಬೆಲೆಗಳು ಮರಳಲಿಲ್ಲ.

ಯಾರಾದರೂ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ಖಂಡಿತ ದೂರು ಕೊಡಿ, ಅದು ಬೇರೆ ವಿಷಯ. ಈ ಮೆಸೇಜ್ ಮಾತ್ರ ಮುಂದಕ್ಕೆ ಕಳಿಸಬೇಡಿ, ದುಡಿದು ತಿನ್ನುವವರ ಮೇಲೆ ಸುಮ್ನೆ ಸಿಟ್ಟು ಹಬ್ಬುತ್ತದೆ.