ಪ್ರಿಡ್ಜ್ ಕೊಲ್ಲಿಯ ಹೆಸರುಗಳು

ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರ ಇದೆಯಲ್ಲ, 2012ರಲ್ಲಿ ಶುರುವಾಗಿದ್ದು, ಅದು ಇರುವುದು ಪ್ರಿಡ್ಜ್ ಕೊಲ್ಲಿಯ ದಡದಲ್ಲಿ. ಯಾರಪ್ಪಾ ಈ ಪ್ರಿಡ್ಜ್ ಅಂತ ಹುಡುಕಿದರೆ ಆಶ್ಚರ್ಯ ಆಗುತ್ತದೆ. ಅವರು ನಾವಿಕರಲ್ಲ, ವಿಜ್ಞಾನಿಯೂ ಅಲ್ಲ. ಓಲಾಫ್ ಪ್ರಿಡ್ಜ್ ನಾರ್ವೆಯ ಸಾಂಡೆಫ್ಯೋರ್ಡ್ ಊರಿನಲ್ಲಿ, ತಿಮಿಂಗಿಲ ಬೇಟೆಗಾರರ ವಿಮಾ ಸಂಘದ ಮ್ಯಾನೇಜರ್.

1930ರ ದಶಕದಲ್ಲಿ ಈ ಕಡೆ ಬರುತ್ತಿದ್ದ ಹಡಗುಗಳೆಲ್ಲ ಹೆಚ್ಚಾಗಿ ತಿಮಿಂಗಿಲದ ಎಣ್ಣೆಗಾಗಿಯೇ. ಸೋಪಿಗೆ, ಮಾರ್ಗರಿನ್‌ಗೆ ಆ ಎಣ್ಣೆ ಬೇಕಿತ್ತು. ಹಾಗಾಗಿ ನಕ್ಷೆಯೂ ಅದೇ ವ್ಯಾಪಾರದ ಲೆಕ್ಕದ ಪುಸ್ತಕ ಆಯಿತು. ಕೊಲ್ಲಿಯ ಒಂದು ಮಗ್ಗುಲಿಗೆ ಹಡಗುಗಳ ಮಾಲೀಕ ಲಾರ್ಸ್ ಕ್ರಿಸ್ಟೆನ್ಸನ್ ಹೆಸರಿನ ಕರಾವಳಿ, ಇನ್ನೊಂದು ಮಗ್ಗುಲಿಗೆ ಅವರ ಹೆಂಡತಿ ಇಂಗ್ರಿಡ್ ಹೆಸರಿನ ಕರಾವಳಿ. ಇಂಗ್ರಿಡ್ ಬಗ್ಗೆ ನನಗೆ ತಕರಾರಿಲ್ಲ. ಅವರು ಸ್ವತಃ ಹಡಗು ಹತ್ತಿ ಮತ್ತೆ ಮತ್ತೆ ಆ ಸಮುದ್ರಕ್ಕೆ ಹೋದವರು.

ನನಗೆ ಬೇಜಾರಾಗುವುದು ಕ್ಯಾರೋಲಿನ್ ಮಿಕೆಲ್ಸನ್ ವಿಷಯಕ್ಕೆ. 1935ರ ಫೆಬ್ರವರಿಯಲ್ಲಿ ಅವರ ಗಂಡ, ಕ್ಯಾಪ್ಟನ್ ಕ್ಲಾರಿಯಸ್ ಮಿಕೆಲ್ಸನ್, ಥೋರ್ಸ್‌ಹಾವ್ನ್ ಹಡಗಿನಲ್ಲಿ ಈ ತೀರದ ನಕ್ಷೆ ಮಾಡುತ್ತಿದ್ದರು. ಫೆಬ್ರವರಿ 20ರಂದು ಕ್ಯಾರೋಲಿನ್ ದಡಕ್ಕಿಳಿದರು. ಕಲ್ಲು ಪೇರಿಸಿ ನಾರ್ವೆಯ ಬಾವುಟ ನೆಟ್ಟರು. ಅದು ಖಂಡದ ಮುಖ್ಯ ನೆಲವಲ್ಲ, ಪಕ್ಕದ ದ್ವೀಪ ಅಂತ ಈಗ ಸಂಶೋಧಕರು ಹೇಳುತ್ತಾರೆ. ಇರಲಿ. ಅಷ್ಟು ದೂರ ಬಂದು, ಆ ಬಂಡೆಗಳ ಮೇಲೆ ಕಾಲಿಟ್ಟ ಹೆಣ್ಣುಮಗಳಿಗೆ ಸಿಕ್ಕಿದ್ದು 235 ಮೀಟರ್ ಎತ್ತರದ ಒಂದು ಬೆಟ್ಟ. ಆಫೀಸಿನಲ್ಲಿ ಕೂತವರಿಗೆ ಇಡೀ ಕೊಲ್ಲಿ! ಇದು ಸರಿಯಾ, ನೀವೇ ಹೇಳಿ.

ಇದಕ್ಕಿಂತ ಕೆಟ್ಟದ್ದು ಹಿಮನದಿಯ ಕಥೆ. ಈ ಕೊಲ್ಲಿಗೆ ಬಂದು ಸೇರುವ ಲ್ಯಾಂಬರ್ಟ್ ಹಿಮನದಿ 400 ಕಿಲೋಮೀಟರಿಗೂ ಉದ್ದ, ಜಗತ್ತಿನ ಅತಿ ದೊಡ್ಡ ಹಿಮನದಿಗಳಲ್ಲಿ ಒಂದು. ಅದು ಆಮೆರಿ ಅನ್ನುವ ತೇಲುವ ಹಿಮದ ಹಾಸಿನೊಳಕ್ಕೆ ಮಂಜುಗಡ್ಡೆ ತುಂಬುತ್ತದೆ. 2019ರಲ್ಲಿ ಆ ಹಾಸಿನಿಂದ 1,636 ಚದರ ಕಿಲೋಮೀಟರಿನ ಒಂದೇ ತುಂಡು ಕಳಚಿ ಸಮುದ್ರಕ್ಕೆ ಬಂತು. 1947ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನವೊಂದು ಮೂರು ಸಲ ಹಾರಿ ಈ ಕಡೆಯ ಫೋಟೋ ತೆಗೆದಿತ್ತು. ಅವುಗಳನ್ನು ನೋಡಿ ನಕ್ಷೆ ಮಾಡಿದವರು ಹಿಮನದಿಗೆ ಆ ವಿಮಾನದ ತಂಡದ ಗುರುತಿನ ಹೆಸರನ್ನೇ ಇಟ್ಟಿದ್ದರು: ಬೇಕರ್ ಥ್ರೀ. ಎಷ್ಟು ನ್ಯಾಯವಾದ ಹೆಸರು! 1957ರಲ್ಲಿ ಅದು ಹೋಗಿ ಆಸ್ಟ್ರೇಲಿಯಾದ ನಕ್ಷೆ ಇಲಾಖೆಯ ನಿರ್ದೇಶಕ ಲ್ಯಾಂಬರ್ಟ್ ಅವರ ಹೆಸರು ಬಂತು.

ಹಳೆಯ ಹೆಸರುಗಳನ್ನು ಕಿತ್ತು ಹಾಕಿ ಅಂತ ನಾನು ಹೇಳುತ್ತಿಲ್ಲ. ನಾವಿಕರು ಇವುಗಳನ್ನೇ ನಂಬಿ ಹಡಗು ನಡೆಸುತ್ತಾರೆ. ಆದರೆ ಹೆಸರಿಲ್ಲದ ಬಂಡೆ, ಹಳ್ಳ, ಕೆರೆಗಳು ಅಲ್ಲಿ ಇನ್ನೂ ಇವೆ. ಆ ದಡದಲ್ಲಿ ನಮ್ಮವರೂ ಇದ್ದಾರೆ. ಮುಂದೆ ಭಾರತ ಹೆಸರು ಸೂಚಿಸುವಾಗ ಮಂತ್ರಿಗಳ, ಅಧಿಕಾರಿಗಳ ಪಟ್ಟಿ ತೆಗೆಯಬೇಡಿ. ವಾರಗಟ್ಟಲೆ ಸೂರ್ಯ ಹುಟ್ಟದ ಚಳಿಗಾಲವನ್ನು ಅಲ್ಲೇ ಕಳೆದು ಜನರೇಟರ್ ನೋಡಿಕೊಂಡ ಮೆಕ್ಯಾನಿಕ್, ಅಡುಗೆ ಮಾಡಿ ಹಾಕಿದವರು, ಡಾಕ್ಟರ್, ಇವರ ಹೆಸರುಗಳನ್ನು ಮೊದಲು ಬರೆಯಿರಿ.