ಅಧ್ಯಕ್ಷರನ್ನು ಏನೆಂದು ಕರೆಯೋಣ?

ಕೆಲವು ವರ್ಷದ ಹಿಂದೆ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಮಾಡುವಾಗ ನಮ್ಮ ಕನ್ನಡ ಸಂಘದಲ್ಲಿ ಒಂದು ವಾರ ಮುನಿಸು ನಡೆಯಿತು. ಊರಿಂದ ಬರುವ ಅತಿಥಿಗೆ ‘ಸನ್ಮಾನ್ಯ’ ಎಂದು ಹಾಕಬೇಕೋ, ‘ಮಾನ್ಯ’ ಸಾಕೋ? ‘ಶ್ರೀ’ ಮೊದಲೋ, ‘ಡಾ.’ ಮೊದಲೋ? ಸಂಘದ ಹಳೆಯ ಅಧ್ಯಕ್ಷರ ಹೆಸರು ಯಾವ ಸಾಲಿನಲ್ಲಿ ಬರಬೇಕು? ಏಳು ಸಲ ತಿದ್ದಿದ ಮೇಲೂ ಒಬ್ಬರಿಗೆ ಸಮಾಧಾನ ಆಗಲಿಲ್ಲ. ಅವರು ಕಾರ್ಯಕ್ರಮಕ್ಕೆ ಬರಲೇ ಇಲ್ಲ. ಅವರ ಹೆಂಡತಿ ಮಾಡಿಕೊಡಬೇಕಿದ್ದ ಪುಳಿಯೋಗರೆಯೂ ಬರಲಿಲ್ಲ.

ನಾನಿರುವುದು ಫಿಲಡೆಲ್ಫಿಯಾ ಪಕ್ಕದ ಒಂದು ಸಣ್ಣ ಊರಿನಲ್ಲಿ. ಬಂದು ಇಪ್ಪತ್ತು ವರ್ಷ ದಾಟಿತು. ಈ ದೇಶದ ಮೊದಲ ದಿನಗಳ ಕಥೆ ಇಲ್ಲಿಯ ಬೀದಿಬೀದಿಯಲ್ಲಿದೆ. ಓದದೇ ಇರಲು ಆಗುವುದಿಲ್ಲ. ಆ ವಾರ ನನಗೆ ನೆನಪಾಗಿದ್ದು 1789. ಆ ವರ್ಷ ಅಮೆರಿಕದವರು ಕೂಡ ಇದೇ ಪ್ರಶ್ನೆ ಹಿಡಿದು ಮೂರು ವಾರ ವಾದ ಮಾಡಿದ್ದರು.

ಹೊಸ ಸಂವಿಧಾನ ಆಗಷ್ಟೇ ಜಾರಿಗೆ ಬಂದಿತ್ತು. ರಾಜ್ಯಗಳ ಪ್ರತಿನಿಧಿಗಳಾಗಿ ಮತ ಹಾಕಿದ 69 ಮಂದಿಯೂ ಜಾರ್ಜ್ ವಾಷಿಂಗ್ಟನ್ ಅವರನ್ನೇ ಆರಿಸಿದ್ದರು. ರಾಜಧಾನಿ ಆಗ ನ್ಯೂಯಾರ್ಕ್. ಏಪ್ರಿಲ್ 30ರಂದು ಫೆಡರಲ್ ಹಾಲ್‌ನ ಮಹಡಿಯ ಮೇಲೆ, ಜನರ ಎದುರಿಗೆ, ವಾಷಿಂಗ್ಟನ್ ಪ್ರಮಾಣವಚನ ತೆಗೆದುಕೊಂಡರು. ಮೈಮೇಲೆ ಇದ್ದದ್ದು ಕನೆಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ನೇಯ್ದ ಕಂದು ಬಣ್ಣದ ಸಾದಾ ಬಟ್ಟೆ. ವಿಲಾಯತಿ ಬಟ್ಟೆ ಬೇಡ, ನಮ್ಮ ಮಗ್ಗದ್ದೇ ಇರಲಿ ಅಂತ ಬೇಕೆಂದೇ ಹಾಕಿಕೊಂಡಿದ್ದು. ಖಾದಿಯ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಆದರೆ ಅವರನ್ನು ಏನೆಂದು ಕರೆಯುವುದು? ಸಂವಿಧಾನದಲ್ಲಿ ಇದ್ದದ್ದು ‘ಪ್ರೆಸಿಡೆಂಟ್’ ಎಂಬ ಪದ ಮಾತ್ರ. ಉಪಾಧ್ಯಕ್ಷ ಜಾನ್ ಆಡಮ್ಸ್ ಅವರಿಗೆ ಅದು ಸಪ್ಪೆ ಅನಿಸಿತು. ಬೆಂಕಿ ಆರಿಸುವ ಕಂಪನಿಗೂ ಪ್ರೆಸಿಡೆಂಟ್ ಇರುತ್ತಾರೆ, ಕ್ರಿಕೆಟ್ ಕ್ಲಬ್ಬಿಗೂ ಇರುತ್ತಾರೆ ಎಂದು ಮೇಲ್ಮನೆಯಾದ ಸೆನೆಟ್‌ನಲ್ಲಿ ಹೇಳಿದರು. ಆಗ ಸೆನೆಟ್ ಕೂಡುತ್ತಿದ್ದದ್ದು ಮುಚ್ಚಿದ ಬಾಗಿಲ ಹಿಂದೆ. ಈ ಮಾತು ನಮಗೆ ಸಿಕ್ಕಿದ್ದು ಪೆನ್ಸಿಲ್ವೇನಿಯಾದ ಸೆನೆಟರ್ ವಿಲಿಯಂ ಮೆಕ್ಲೇ ದಿನಾ ಡೈರಿ ಬರೆದಿದ್ದರಿಂದ.

ಇದನ್ನು ಮೊದಲ ಸಲ ಓದಿದಾಗ ನನ್ನ ಮನಸ್ಸಿಗೆ ಬಂದಿದ್ದು ನಮ್ಮ ಕನ್ನಡ ಪತ್ರಿಕೆಗಳು. ಭಾರತಕ್ಕೆ ‘ರಾಷ್ಟ್ರಪತಿ’, ಅಮೆರಿಕಕ್ಕೆ ‘ಅಧ್ಯಕ್ಷ’. ಅದೇ ಅಧ್ಯಕ್ಷರು ನಮ್ಮಲ್ಲಿ ಗ್ರಾಮ ಪಂಚಾಯಿತಿಗೂ ಇದ್ದಾರೆ, ಹಾಲಿನ ಸೊಸೈಟಿಗೂ ಇದ್ದಾರೆ, ಕನ್ನಡ ಸಂಘಕ್ಕೂ ಇದ್ದಾರೆ. ಆಡಮ್ಸ್ ಯಾವುದಕ್ಕೆ ಹೆದರಿದ್ದರೋ ಅದನ್ನು ಕನ್ನಡ ಸಲೀಸಾಗಿ ಮಾಡಿಬಿಟ್ಟಿದೆ. ನನಗೆ ಈ ಪದ ತುಂಬಾ ಇಷ್ಟ.

ಸೆನೆಟ್ ಸಮಿತಿ ಒಂದು ಬಿರುದು ಸಿದ್ಧ ಮಾಡಿತು. ‘ಹಿಸ್ ಹೈನೆಸ್, ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರು ಮತ್ತು ಅವುಗಳ ಸ್ವಾತಂತ್ರ್ಯದ ರಕ್ಷಕರು.’ ಬ್ರಿಟಿಷರ ಕಾಲದಲ್ಲಿ ಮೈಸೂರು ಮಹಾರಾಜರಿಗೆ ಇದ್ದದ್ದೂ ಇದೇ ‘ಹಿಸ್ ಹೈನೆಸ್’. ನಮ್ಮ ಅರಸರ ಬಿರುದಾವಳಿಯಲ್ಲಿ ‘ಬಿರುದೆಂತೆಂಬರ ಗಂಡ’ ಎಂಬುದೂ ಇತ್ತು. ಬೇರೆಯವರ ಬಿರುದುಗಳನ್ನು ಮುರಿಯುವುದಕ್ಕೂ ಒಂದು ಬಿರುದು. ಅರಮನೆಗೆ ದುಡಿದವರಿಗೆ ‘ರಾಜಸೇವಾಸಕ್ತ’, ‘ಧರ್ಮಪ್ರಕಾಶ’. ಬಿರುದು ಬಾವಲಿ ಅಂದರೆ ಏನು ಅಂತ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೆಳಮನೆಯವರು ಮಾತ್ರ ಒಪ್ಪಲಿಲ್ಲ. ಜೇಮ್ಸ್ ಮ್ಯಾಡಿಸನ್ ಅಲ್ಲಿ ಎದ್ದು ನಿಂತು, ನಾವು ಎಷ್ಟು ಸರಳವಾಗಿ ಇರುತ್ತೇವೋ ಅಷ್ಟು ನಮ್ಮ ಘನತೆ ಜಾಸ್ತಿ ಎಂದು ವಾದಿಸಿದರು. ಪ್ಯಾರಿಸ್‌ನಲ್ಲಿದ್ದ ಥಾಮಸ್ ಜೆಫರ್ಸನ್ ಸುದ್ದಿ ಕೇಳಿ, ಇಷ್ಟು ನಗೆಪಾಟಲಿನ ವಿಷಯ ತಾನು ಕೇಳಿಯೇ ಇರಲಿಲ್ಲ ಎಂದು ಕಾಗದ ಬರೆದರು. ಕೊನೆಗೆ ಮೇ 14ರಂದು ಸೆನೆಟ್ ಕೈಬಿಟ್ಟಿತು. ‘ಅಮೆರಿಕ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರು’. ಅಷ್ಟೇ. ಎದುರಿಗೆ ಮಾತಾಡುವಾಗ ‘ಮಿಸ್ಟರ್ ಪ್ರೆಸಿಡೆಂಟ್’. ಅಂಗಡಿಯವರಿಗೂ ಮೇಷ್ಟ್ರಿಗೂ ಹಾಕುವ ಅದೇ ‘ಮಿಸ್ಟರ್’.

ಇದೊಂದು ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ. ಸುಮ್ನೆ ಪದದ ಆಟ ಅಲ್ಲ. ರಕ್ಷಕರು, ಮಹಾಪ್ರಭುಗಳು ಅಂತ ಕರೆಸಿಕೊಂಡವರು ಎಂಟು ವರ್ಷ ಆದ ಮೇಲೆ ಗಂಟು ಕಟ್ಟಿಕೊಂಡು ಊರಿಗೆ ಹೋಗುವುದು ಕಷ್ಟ. ಅಧ್ಯಕ್ಷರಿಗೆ ಅದು ಸಾಧ್ಯ. ವಾಷಿಂಗ್ಟನ್ 1797ರಲ್ಲಿ ಹೋದರು. 1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. 1801ರಲ್ಲಿ ಜೆಫರ್ಸನ್ ಪ್ರಮಾಣವಚನದ ದಿನ ಬೆಳಗಿನ ಜಾವ ನಾಲ್ಕಕ್ಕೇ ಅವರು ಗಾಡಿ ಹತ್ತಿ ಹೊರಟುಬಿಟ್ಟರು. ಬೇಜಾರಿತ್ತು, ಆದರೂ ಕುರ್ಚಿ ಬಿಟ್ಟರು. ಅವತ್ತು ಜೆಫರ್ಸನ್ ತಾವು ಉಳಿದುಕೊಂಡಿದ್ದ ವಸತಿಗೃಹದಿಂದ ನಡೆದುಕೊಂಡೇ ಸಮಾರಂಭಕ್ಕೆ ಹೋದರು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಅಮೆರಿಕವನ್ನು ಹೊಗಳಿ ನಮ್ಮನ್ನು ತೆಗಳುವ ಇನ್ನೊಂದು ಬರಹ ಆಗುತ್ತಿತ್ತು. ನಾನೂ ತುಂಬ ದಿನ ಹಾಗೇ ಮಾತಾಡುತ್ತಿದ್ದೆ. 2016ರಲ್ಲಿ ಅಪ್ಪ ಬಂದರು.

ಅಪ್ಪ ಅರಸೀಕೆರೆ ಕಡೆಯವರು. ತೆಂಗು, ರಾಗಿ, ಒಂದಷ್ಟು ಹುರುಳಿ. ಫಿಲಡೆಲ್ಫಿಯಾ ತೋರಿಸಲು ಕರೆದುಕೊಂಡು ಹೋದೆ. 1790ರಿಂದ ಹತ್ತು ವರ್ಷ ಇದೇ ರಾಜಧಾನಿ. ಲಿಬರ್ಟಿ ಬೆಲ್ ಎಂಬ ಹಳೆಯ ಗಂಟೆಯ ಪಕ್ಕದಲ್ಲೇ ಅಧ್ಯಕ್ಷರ ಮನೆ ಇದ್ದ ಜಾಗ. ಮನೆ ಈಗಿಲ್ಲ. ಗೋಡೆ, ಬಾಗಿಲು ಎಲ್ಲಿದ್ದವು ಅಂತ ತೋರಿಸುವ ಇಟ್ಟಿಗೆ ಚೌಕಟ್ಟು ಇದೆ, ಮೇಲೆ ಸೂರಿಲ್ಲ. ಅಲ್ಲಿ ಒಂದು ಕಲ್ಲಿನ ಗೋಡೆಯ ಮೇಲೆ ಒಂಬತ್ತು ಹೆಸರು ಕೆತ್ತಿದ್ದರು. ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಆ ಮನೆಯಲ್ಲಿ ದುಡಿದ ಗುಲಾಮರ ಹೆಸರು. ಅಪ್ಪನಿಗೆ ನಿಧಾನವಾಗಿ ಓದಿ ಹೇಳಿದೆ. ಆಸ್ಟಿನ್. ಪ್ಯಾರಿಸ್. ಹರ್ಕ್ಯುಲೀಸ್. ರಿಚ್‌ಮಂಡ್. ಜೈಲ್ಸ್. ಮಾಲ್. ಜೋ.

“ಬರೀ ಒಂದೊಂದೇ ಹೆಸ್ರಾ? ಅಪ್ಪನ ಹೆಸ್ರು, ಮನೆತನದ ಹೆಸ್ರು ಏನೂ ಇಲ್ವೇನೋ?” ಅಂದರು ಅಪ್ಪ.

ಇಬ್ಬರಿಗೆ ಮಾತ್ರ ಎರಡು ಹೆಸರಿತ್ತು. ಅವರಲ್ಲಿ ಒಬ್ಬರು ಓನಾ ಜಡ್ಜ್. ಮಾರ್ಥಾ ವಾಷಿಂಗ್ಟನ್ ಅವರಿಗೆ ಸೀರೆ ಉಡಿಸಿದ ಹಾಗೆ ದಿನಾ ಬಟ್ಟೆ ತೊಡಿಸಿ, ತಲೆ ಬಾಚಿ, ಹೊಲಿಗೆ ಮಾಡಿಕೊಡುತ್ತಿದ್ದವರು. ಪೆನ್ಸಿಲ್ವೇನಿಯಾದಲ್ಲಿ 1780ರ ಕಾನೂನು ಇತ್ತು. ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಇಲ್ಲಿ ಇದ್ದರೆ ಬಿಡುಗಡೆ ಕೇಳಬಹುದು. ವಾಷಿಂಗ್ಟನ್ ಆರು ತಿಂಗಳು ತುಂಬುವ ಮೊದಲೇ ಅವರನ್ನೆಲ್ಲ ಒಂದು ಸಲ ಗಡಿ ದಾಟಿಸಿ ತರುತ್ತಿದ್ದರು. ಏನಾದರೂ ನೆಪ ಹೇಳಿ ಕಳಿಸು, ಅವರಿಗೂ ಊರವರಿಗೂ ಗೊತ್ತಾಗಬಾರದು ಎಂದು ತಮ್ಮ ಕಾರ್ಯದರ್ಶಿಗೆ ಬರೆದಿದ್ದರು. 1796ರ ಮೇ ತಿಂಗಳಲ್ಲಿ ಮನೆಯವರು ಊಟಕ್ಕೆ ಕೂತಿದ್ದಾಗ ಓನಾ ಹೊರಟುಹೋದರು. ಮಾರ್ಥಾ ತಮ್ಮ ಮೊಮ್ಮಗಳ ಮದುವೆಗೆ ತನ್ನನ್ನು ಉಡುಗೊರೆ ಕೊಡುತ್ತಾರೆ ಎಂದು ಗೊತ್ತಾಗಿತ್ತು. ಪತ್ರಿಕೆಯಲ್ಲಿ ಹುಡುಕಿ ಕೊಟ್ಟವರಿಗೆ 10 ಡಾಲರ್ ಎಂದು ಜಾಹೀರಾತು ಬಂತು. ಓನಾ ಅವರ ಕೈಗೆ ಸಿಗಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಡತನದಲ್ಲೇ ಬದುಕಿ 1848ರಲ್ಲಿ ತೀರಿಕೊಂಡರು. ಓಡಿಬಂದಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ವಯಸ್ಸಾದ ಮೇಲೆ ಯಾರೋ ಕೇಳಿದಾಗ ಇಲ್ಲ ಎಂದಿದ್ದರು.

ಈ ಪ್ಯಾರಾವನ್ನು ಮೊದಲ ಸಲ ಬರೆದಾಗ ನನ್ನ ಕೈಯಿಂದ ಬಂದಿದ್ದು ‘ಓನಾ ಓಡಿಹೋದಳು’. ಮೇಲಿನ ಸಾಲಿನಲ್ಲಿ ವಾಷಿಂಗ್ಟನ್ ‘ತರುತ್ತಿದ್ದರು’. ಯಾರೂ ನನಗೆ ಹಾಗೆ ಬರಿ ಅಂತ ಹೇಳಿರಲಿಲ್ಲ. ನೋಡಿದ ಮೇಲೆ ಕೂತು ತಿದ್ದಿದೆ. ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕನ್ನಡದಲ್ಲಿ ಪ್ರತಿ ಕ್ರಿಯಾಪದಕ್ಕೂ ನಾವು ಒಬ್ಬರ ಅಂತಸ್ತು ಅಳೆದು ಕೊಡುತ್ತೇವೆ. ಆ ಅಳತೆ ಎಲ್ಲಿಂದ ಕಲಿತೆವು ಅಂತ ಕೇಳಿಕೊಳ್ಳುವುದಿಲ್ಲ.

ಇನ್ನೊಂದು ಮಾತು ನನ್ನನ್ನು ಬಹಳ ಕಾಡುತ್ತದೆ. ಬಿರುದು ಬೇಡ ಎಂದು ಕೆಳಮನೆಯಲ್ಲಿ ವಾದಿಸಿದ ಮ್ಯಾಡಿಸನ್ ಅವರ ಮನೆಯಲ್ಲಿ ಗುಲಾಮರಿದ್ದರು. ಬಿರುದು ಕಂಡರೆ ಆಗದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಬಿರುದು ಬೇಕೇ ಬೇಕು ಎಂದು ಹಟ ಹಿಡಿದ ಜಾನ್ ಆಡಮ್ಸ್ ಒಬ್ಬರನ್ನೂ ಇಟ್ಟುಕೊಳ್ಳಲಿಲ್ಲ. 1797ರಲ್ಲಿ ಅವರ ಮನೆಯಲ್ಲಿ ಕೆಲಸಕ್ಕಿದ್ದ ಕಪ್ಪು ಹುಡುಗನೊಬ್ಬ ಊರಿನ ಶಾಲೆಗೆ ಹೋಗುವುದಕ್ಕೆ ನೆರೆಯವರು ತಕರಾರು ತೆಗೆದಾಗ ಆಡಮ್ಸ್ ಅವರ ಹೆಂಡತಿ ಅಬಿಗೈಲ್ ಪಟ್ಟು ಹಿಡಿದು ಅವನ ಪರ ಮಾತಾಡಿದರು. ನೂರಾರು ಜನರನ್ನು ಕಟ್ಟಿಹಾಕಿಕೊಂಡವರಿಗೆ ತಮ್ಮ ತಲೆಯ ಮೇಲೊಂದು ಕಿರೀಟ ಬೇಡ ಅನ್ನುವುದು ಸುಲಭವೇ ಇತ್ತು. ಅವರು ಮೇಲಿನ ಏಣಿ ಕಿತ್ತು ಹಾಕಿದರು. ಕೆಳಗಿನದನ್ನು ಮುಟ್ಟಲಿಲ್ಲ.

ಆ ಕೆಳಗಿನ ಏಣಿ ಇಲ್ಲಿ ಎಷ್ಟು ಕಾಲ ಉಳಿಯಿತು ಗೊತ್ತಾ? 1963ರಲ್ಲಿ ಅಲಬಾಮದ ಗ್ಯಾಡ್ಸ್‌ಡನ್ ಊರಿನ ಕೋರ್ಟಿನಲ್ಲಿ ವಕೀಲರು ಮೇರಿ ಹ್ಯಾಮಿಲ್ಟನ್ ಎಂಬ ಕಪ್ಪು ಹೋರಾಟಗಾರ್ತಿಯನ್ನು ಬರೀ ‘ಮೇರಿ’ ಎಂದು ಕರೆದರು. ಬಿಳಿಯರಿಗೆ ಮಿಸ್ಟರ್, ಮಿಸ್. ಕಪ್ಪು ಜನರಿಗೆ ಬರೀ ಹೆಸರು. ‘ಮಿಸ್ ಹ್ಯಾಮಿಲ್ಟನ್’ ಎನ್ನುವವರೆಗೆ ಉತ್ತರ ಕೊಡುವುದಿಲ್ಲ ಎಂದು ಅವರು ಕೂತರು. ನ್ಯಾಯಾಂಗ ನಿಂದನೆ ಅಂತ ಐದು ದಿನ ಜೈಲು, 50 ಡಾಲರ್ ದಂಡ. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಧ್ಯಕ್ಷರಿಗೆ ಸಾಕು ಅಂತ 1789ರಲ್ಲಿ ಒಪ್ಪಿಕೊಂಡ ಆ ಸಾದಾ ಮರ್ಯಾದೆ ಒಬ್ಬ ಕಪ್ಪು ಹೆಂಗಸಿಗೆ ಸಿಗಲು 175 ವರ್ಷ ಬೇಕಾಯಿತು.

ನಮ್ಮ ಸಂವಿಧಾನದ 18ನೇ ವಿಧಿಯೂ ಬಿರುದುಗಳನ್ನು ತೆಗೆದುಹಾಕಿದೆ. 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ದೇಶದೊಳಗಿನ ಕಾರ್ಯಕ್ರಮಗಳಲ್ಲಿ ‘ಹಿಸ್ ಎಕ್ಸಲೆನ್ಸಿ’ ಬಿಟ್ಟುಬಿಡಿ ಎಂದರು. ಒಳ್ಳೆಯದೇ. ಆದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ಸನ್ಮಾನ್ಯ’ಕ್ಕಾಗಿ ಒಂದು ವಾರ ನಡೆದ ಮಾತಿನಲ್ಲಿ, ಸಭಾಂಗಣ ಗುಡಿಸಿ ಕುರ್ಚಿ ಹಾಕುವವರ ಹೆಸರು ನಮಗೆ ಗೊತ್ತಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಗಂತ ಎಲ್ಲರನ್ನೂ ಬಹುವಚನದಲ್ಲೇ ಕರೆಯಬೇಕು ಅಂತ ನಾನು ಹೇಳುತ್ತಿಲ್ಲ. ಏಕವಚನ ಕೆಟ್ಟದ್ದಲ್ಲ. ಅಮ್ಮನಿಗೆ ನಾವು ‘ಬಾರಮ್ಮ’ ಅನ್ನುತ್ತೇವೆ. ದೇವರಿಗೂ ‘ಕಾಪಾಡಪ್ಪ’. ಇಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಮ್ಯಾನೇಜರ್‌ರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ನನ್ನ ಅಮ್ಮನ ವಯಸ್ಸಿನವರು. ಆಮೇಲೆ ಗೊತ್ತಾಯಿತು, ಅವರು ನನ್ನನ್ನು ಹೇಗೆ ಕರೆಯುತ್ತಾರೋ ನಾನೂ ಹಾಗೇ ಕರೆಯಬಹುದು ಅಂತ. ಕೊಟ್ಟ ಮಾತು ತಿರುಗಿ ಬರುತ್ತದೆ. ಗೆಳೆಯರ ‘ಲೋ’ ಕೂಡ ಹಾಗೇ ಅಲ್ವಾ? ಈ ಕಡೆಯಿಂದ ಹೋಗುತ್ತೆ, ಆ ಕಡೆಯಿಂದ ಬರುತ್ತೆ.

ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬರಿದ್ದರು. ದಲಿತ ಕೇರಿಯವರು. ತಾತನಿಗಿಂತ ದೊಡ್ಡವರು. ಬೆಳ್ಳಗಿನ ಮೀಸೆ, ಹೆಗಲ ಮೇಲೆ ಯಾವಾಗಲೂ ಒಂದು ಕಂಬಳಿ. ತಾತ ಅವರನ್ನು ‘ಬಾರೋ’ ಅನ್ನುತ್ತಿದ್ದರು. ಅವರು ತಾತನನ್ನು ‘ಬುದ್ಧಿ’ ಅನ್ನುತ್ತಿದ್ದರು. ಎಂಟು ವರ್ಷದ ನಾನೂ ‘ಬಾರೋ’ ಅನ್ನುತ್ತಿದ್ದೆ. ನನಗೂ ಅವರು ‘ಬುದ್ಧಿ’ ಅಂತಲೇ ಓಗೊಡುತ್ತಿದ್ದರು. ನೀರು ಕೇಳಿದರೆ ಹಿತ್ತಲಲ್ಲಿ ನಿಂತು ಬೊಗಸೆ ಒಡ್ಡುತ್ತಿದ್ದರು, ಅಜ್ಜಿ ಮೇಲಿಂದ ಹುಯ್ಯುತ್ತಿದ್ದರು. ಆ ಬೊಗಸೆ ಈಗಲೂ ಕಣ್ಣ ಮುಂದಿದೆ.

ಫಿಲಡೆಲ್ಫಿಯಾದ ಆ ಗೋಡೆ ಮುಂದೆ ಅಪ್ಪ ಆ ಹಿರಿಯರ ಹೆಸರು ಹೇಳಿದರು. ನಾನು ಏನೂ ಕೇಳಿರಲಿಲ್ಲ. ತಾವಾಗೇ ಹೇಳಿ ಸುಮ್ಮನಾದರು.

2021ರಲ್ಲಿ ಆ ಹಿರಿಯರ ಮೊಮ್ಮಗಳು ನಮ್ಮ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾದರು. ಮೀಸಲಾತಿ ಬಂತು, ನಿಂತರು, ಗೆದ್ದರು. ಒಂದು ಭಾನುವಾರ ಫೋನಿನಲ್ಲಿ ಅಪ್ಪ ಹೇಳುತ್ತಿದ್ದರು, “ಮನೆ ಮುಂದಿನ ಚರಂಡಿ ನೋಡಕ್ಕೆ ಅಧ್ಯಕ್ಷರು ಬಂದಿದ್ರು ಕಣೋ. ಬನ್ನಿ ಒಳಗೆ, ಕೂತ್ಕೊಳ್ಳಿ ಅಂದೆ. ಕಾಫಿ ಕುಡಿದು ಹೋದ್ರು.”

“ಅಪ್ಪ, ಅವರ ತಾತನಿಗೆ ನಮ್ಮ ಮನೇಲಿ ಯಾವತ್ತಾದರೂ ಯಾರಾದರೂ ‘ಬನ್ನಿ’ ಅಂದಿದ್ರಾ?” ಅಂದೆ.

ಸ್ವಲ್ಪ ಹೊತ್ತು ಫೋನಿನಲ್ಲಿ ಬರೀ ಫ್ಯಾನಿನ ಸದ್ದು.

“ಇಲ್ಲ ಕಣೋ,” ಅಂದರು ಅಪ್ಪ.